ಪಿಪಿಒದಲ್ಲಿ ಗೌರವ್ವ, ಆಧಾರ್‌ನಲ್ಲಿ ಗೌರಮ್ಮ: ಕುಟುಂಬ ಪಿಂಚಣಿಗೆ ಏನು ಮಾಡಬೇಕು?

ಪ್ರಶ್ನೆ (ಜಗಳೂರು): ಸರ್, ನಮ್ಮಪ್ಪ ಸೇನೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿ ನಿವೃತ್ತರಾದವರು. ಹೋದ ತಿಂಗಳು 71ನೇ ವಯಸ್ಸಿಗೆ ತೀರಿಕೊಂಡರು. ಪಿಂಚಣಿ ಸ್ಪರ್ಶ್‌ನಲ್ಲಿತ್ತು (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ). ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಅವ್ವನ ಹೆಸರು ಗೌರವ್ವ. ಆಧಾರ್, ಪಾನ್, ಪಾಸ್‌ಬುಕ್‌ನಲ್ಲಿ ಗೌರಮ್ಮ. ಬ್ಯಾಂಕಿನವರು ‘ನಮ್ಮ ಕೈಯಲ್ಲಿಲ್ಲ’ ಅಂತಾರೆ. ಎಲ್ಲಿಂದ ಶುರು ಮಾಡಲಿ? ಎಷ್ಟು ಬರುತ್ತೆ?

ಉತ್ತರ (ನಿವೃತ್ತ ಸುಬೇದಾರ್ ಕ್ಲರ್ಕ್, ದಾವಣಗೆರೆ): ಬ್ಯಾಂಕಿನವರು ಹೇಳಿದ್ದು ಸರಿ. ಸ್ಪರ್ಶ್‌ನಲ್ಲಿ ಮಂಜೂರಾತಿ ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ) ಕಚೇರಿಯದು, ಬ್ಯಾಂಕ್ ಖಾತೆ ಹಣ ಬಂದು ಬೀಳುವ ಜಾಗ ಅಷ್ಟೇ.

ಮೊದಲು ಮರಣ ಪ್ರಮಾಣಪತ್ರ ನೋಡಿ. ಊರಲ್ಲಿ ಕರೆಯುವ ಹೆಸರನ್ನೇ ಬರೆಸಿಬಿಡುತ್ತಾರೆ. ಅಪ್ಪನ ಹೆಸರು ಅದರಲ್ಲಿ ಪಿಪಿಒದಲ್ಲಿದ್ದಂತೆಯೇ ಇರಬೇಕು. ಅವರ ಎಟಿಎಂ ಕಾರ್ಡ್ ಮುಟ್ಟಬೇಡಿ. ತೀರಿಕೊಂಡ ದಿನದ ನಂತರಕ್ಕೆ ಜಮೆಯಾದ ಪಿಂಚಣಿ ಸರ್ಕಾರದ್ದು, ತೆಗೆದರೆ ವಸೂಲಿ ಖಂಡಿತ. ಅವ್ವನಿಗೆ ನಷ್ಟವೇನಿಲ್ಲ: ಕುಟುಂಬ ಪಿಂಚಣಿ ಮರುದಿನದಿಂದಲೇ ಲೆಕ್ಕ, ತಡವಾದರೂ ಬಾಕಿ ಸೇರಿಸಿ ಕೊಡುತ್ತಾರೆ.

ಸ್ಪರ್ಶ್‌ನಲ್ಲಿ ಸಾವಿನ ಮಾಹಿತಿ ಈಗಲೇ ದಾಖಲಿಸಿ. ಫೋನಿನಲ್ಲಿ ಆಗದಿದ್ದರೆ ಸಿಎಸ್‌ಸಿಗೆ (ಸಾಮಾನ್ಯ ಸೇವಾ ಕೇಂದ್ರ) ಹೋಗಿ. ಜೊತೆಗೇ ಹೆಸರಿನ ಕೆಲಸ ನಡೆಯಲಿ, ಫೈಲು ನಿಲ್ಲುವುದು ಅಲ್ಲೇ. ಆಧಾರ್ ಬದಲಾಯಿಸಿ ‘ಗೌರವ್ವ’ ಮಾಡಿಸಲು ಹೋಗಬೇಡಿ. ಪಾನ್, ಪಾಸ್‌ಬುಕ್ ಎಲ್ಲ ಮತ್ತೆ ತಿದ್ದಿಸಬೇಕಾಗುತ್ತದೆ. ತಿದ್ದಬೇಕಾದ್ದು ಸೇನೆಯ ದಾಖಲೆ. ‘ಗೌರವ್ವ, ಗೌರಮ್ಮ ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್, ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪಾನ್, ಮರಣ ಪ್ರಮಾಣಪತ್ರದ ಪ್ರತಿಗಳನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಮೂಲಕ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ ಕಳಿಸಿ. ಅಲ್ಲಿಂದ ಶಿಫಾರಸು ಹೋದ ಮೇಲೆ ತಿದ್ದುಪಡಿ ಪಿಪಿಒ ಬರುತ್ತದೆ. ಪ್ರತಿ ಪತ್ರದ ಮೇಲೂ ಅಪ್ಪನ ಆರ್ಮಿ ನಂಬರ್ ಬರೆಯಿರಿ. ಬರೀ ಹೆಸರು ಬರೆದ ಅರ್ಜಿ ಎಲ್ಲೋ ಮೂಲೆ ಸೇರುತ್ತದೆ.

ಮೊತ್ತ: ಸಾಮಾನ್ಯ ದರ ಕೊನೆಯ ವೇತನದ 30%. ಉದಾಹರಣೆಗೆ ವೇತನದ ಲೆಕ್ಕ 36,000 ಆದರೆ 10,800 ರೂಪಾಯಿ, ಮೇಲೆ ಡಿಆರ್ (ತುಟ್ಟಿ ಪರಿಹಾರ). ಲೆಕ್ಕ ಎಷ್ಟೇ ಕಡಿಮೆ ಬಂದರೂ ಮೂಲ ಮೊತ್ತ 9,000ಕ್ಕಿಂತ ಇಳಿಯುವುದಿಲ್ಲ. ಅಪ್ಪ ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ) ತೆಗೆದುಕೊಂಡಿದ್ದರೂ ಇದರಲ್ಲಿ ಕಡಿತವಿಲ್ಲ. 50%ರ ಹೆಚ್ಚುವರಿ ದರ ನಿಮಗೆ ಅನ್ವಯಿಸುವುದಿಲ್ಲ. ನಿವೃತ್ತಿಯ ನಂತರ ತೀರಿಕೊಂಡರೆ ಅದು 7 ವರ್ಷ ಅಥವಾ ತೀರಿಕೊಂಡವರಿಗೆ, ಬದುಕಿದ್ದಿದ್ದರೆ, 67 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ.

ಪ್ರಶ್ನೆ (ಹೊಸದುರ್ಗ): ಅಣ್ಣಾ, ನಮ್ಮಜ್ಜಿಗೆ 80 ದಾಟಿದೆ, ಕುಟುಂಬ ಪಿಂಚಣಿ ಹೆಚ್ಚಾಗಿಲ್ಲ.

ಉತ್ತರ (ಅದೇ ಸುಬೇದಾರ್): ಪಿಪಿಒದಲ್ಲಿ ಅಜ್ಜಿಯ ಹುಟ್ಟಿದ ದಿನಾಂಕ ಖಾಲಿ ಇರಬೇಕು ನೋಡಿ, ಹಳೆಯ ಪಿಪಿಒಗಳಲ್ಲಿ ಇದು ಮಾಮೂಲು. ವಯಸ್ಸಿನ ಹೆಚ್ಚಳ ಮೂಲ ಕುಟುಂಬ ಪಿಂಚಣಿಯ ಮೇಲೆ 80ಕ್ಕೆ 20%, 85ಕ್ಕೆ 30%, 90ಕ್ಕೆ 40%, 95ಕ್ಕೆ 50%, 100ಕ್ಕೆ ಪೂರ್ತಿ ಇನ್ನೊಂದು ಪಟ್ಟು. ದಿನಾಂಕವನ್ನೂ ರೆಕಾರ್ಡ್ ಆಫೀಸ್ ಮೂಲಕವೇ ಸೇರಿಸಬೇಕು.

ಉತ್ತರ (ತೆರಿಗೆ ಸಲಹೆಗಾರ, ಚಿತ್ರದುರ್ಗ): ಒಂದು ಮಾತು ಸೇರಿಸ್ತೀನಿ. ಕುಟುಂಬ ಪಿಂಚಣಿ ‘ಇತರ ಮೂಲಗಳ ಆದಾಯ’, ಸಂಬಳದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗಲ್ಲ. ಪಿಂಚಣಿಯ ಮೂರನೇ ಒಂದು ಭಾಗ ಅಥವಾ ಹೊಸ ತೆರಿಗೆ ಪದ್ಧತಿಯಲ್ಲಿ 25,000, ಹಳೆಯದರಲ್ಲಿ 15,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ರಿಟರ್ನ್ಸ್ ಹಾಕುವಾಗ ಸಂಬಳದ ಕಾಲಂನಲ್ಲಿ ತುಂಬಬೇಡಿ.