ಕೌದಿ ಹೊಲಿಯೋರಿಗೆ ಹಾಸನ ಒಳ್ಳೇದಾ ಚಿಕ್ಕಮಗಳೂರು ಒಳ್ಳೇದಾ: ಬಟ್ಟೆ ಸಂರಕ್ಷಣೆ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಳೇ ಬಟ್ಟೆ ಸಂರಕ್ಷಣೆ ಕೆಲಸ ಮಾಡೋ ಮೇಡಂ ಇವತ್ತು ಸಂಜೆ ಗ್ರೂಪಲ್ಲಿ ಇರ್ತಾರೆ. ಮನೆ ಹುಡುಕ್ತಿರೋ ಕೌದಿ ಪ್ರಿಯರು ಕೇಳಿ. ಕೇಳಿದ್ದನ್ನೇ ಕೇಳಬೇಡಿ ದಯವಿಟ್ಟು.

ಬೆಂಗಳೂರಿನವರು: ನಮಸ್ತೆ ಮೇಡಂ, ರಿಟೈರ್ ಆಗ್ತಿದೀನಿ, ಕೌದಿ ಹೊಲಿಯೋದು ಬಿಟ್ರೆ ಬೇರೆ ಹುಚ್ಚಿಲ್ಲ, ಅಜ್ಜಿ ಹೊಲಿದಿದ್ದ ಹಳೇ ಕೌದಿಗಳೂ ನನ್ ಹತ್ರನೇ ಇದಾವೆ. ಹಾಸನ, ಚಿಕ್ಕಮಗಳೂರು, ಸಕಲೇಶಪುರ ಮೂರರಲ್ಲಿ ಎಲ್ಲಿ ಮನೆ ಮಾಡ್ಲಿ? ಸಕಲೇಶಪುರದಲ್ಲಿ ತೋಟದ ಪಕ್ಕ ಒಂದು ನೋಡಿ ಬಂದ್ವಿ, ವ್ಯೂ ಸೂಪರ್.

ಮೇಡಂ: ಯಾವ ತಿಂಗಳಲ್ಲಿ ನೋಡಿದ್ದು?

ಬೆಂಗಳೂರಿನವರು: ಫೆಬ್ರವರಿ.

ಮೇಡಂ: ಫೆಬ್ರವರಿಲಿ ಮಲೆನಾಡಲ್ಲಿ ಎಲ್ಲಾ ಮನೇನೂ ಚೆನ್ನಾಗೇ ಕಾಣುತ್ತೆ. ಜುಲೈ ಇಲ್ಲಾ ಆಗಸ್ಟಲ್ಲಿ ಇನ್ನೊಂದ್ಸಲ ಹೋಗಿ. ಬೀರು ಬಾಗಿಲು ತೆಗೆದು ಮೂಸಿ, ಮಂಚ ಸ್ವಲ್ಪ ಎಳೆದು ಹಿಂದಿನ ಗೋಡೆ ಮುಟ್ಟಿ ನೋಡಿ. ಮಳೆ ಗಾಳಿ ಬರೋದು ಪಡುವಣ, ನೈಋತ್ಯದ ಕಡೆಯಿಂದ, ಆ ಗೋಡೆ ನೆನೆದ್ರೆ ತಿಂಗಳುಗಟ್ಲೆ ಒಣಗಲ್ಲ. ಹೊಸಾ ಪೇಂಟ್ ಹೊಡೆದಿದ್ರೆ ಇನ್ನೂ ಅನುಮಾನ ಪಡಿ. ತೇವಾಂಶ 65 ಪರ್ಸೆಂಟ್ ದಾಟಿ ಅಲ್ಲೇ ನಿಂತ್ರೆ ಹತ್ತಿ ಬಟ್ಟೆಗೆ ಬೂಷ್ಟು ಹಿಡಿಯುತ್ತೆ, ಅದರಲ್ಲೂ ಕೌದಿ ಅಂದ್ರೆ ಐದಾರು ಸೀರೆ ಪದರ, ಮೇಲೆ ಒಣಗಿದ್ರೂ ಒಳಗೆ ಹಸಿ. ಹಾಸನ ಟೌನು, ಚಿಕ್ಕಮಗಳೂರು ಟೌನು ಎರಡೂ ನಡೆಯುತ್ತೆ. ಹೊಲಿಯೋ ರೂಮು ಉತ್ತರಕ್ಕೋ ಪೂರ್ವಕ್ಕೋ ಇರಲಿ. ಉತ್ತರದ ಕಿಟಕಿ ಬೆಳಕಲ್ಲಿ ಬಣ್ಣ ಸರಿಯಾಗಿ ಕಾಣುತ್ತೆ, ನೇರ ಬಿಸಿಲಿಗೆ ಬಣ್ಣ ಹೋಗೋ ಕಾಟನೂ ಕಮ್ಮಿ. ಹಳೇ ಕೌದಿನೇ ಮುಖ್ಯ ಅಂದ್ರೆ ಕಡೂರು, ಅರಸೀಕೆರೆ ಕಡೆ ನೋಡಿ, ಮಳೆ ನೆರಳಿನ ಸೀಮೆ, ಅಂದ್ರೆ ಘಟ್ಟ ಮಳೆ ತಡೆದು ಕಮ್ಮಿ ಬೀಳೋ ಕಡೆ, ಬಟ್ಟೆಗೆ ಅದಕ್ಕಿಂತ ಸುಖ ಇಲ್ಲ.

ಚಿಕ್ಕಮಗಳೂರಿನವರು: ಕಡೂರಲ್ಲಿ ಏನಿದೆ ಮೇಡಂ, ಬರೀ ತೆಂಗು, ಧೂಳು 😄

ಕಡೂರಿನವರು: ನಿಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಚಡ್ಡಿ ಒಣಗಲ್ಲ, ನಮಗೆ ಹೇಳಕ್ಕೆ ಬಂದ್ರು. ಹುಬ್ಬಳ್ಳಿ ಲೈನ್ ನಮ್ಮೂರ ಮೇಲೇ ಹೋಗೋದು, ಬೆಳಗ್ಗೆ ರೈಲು ಹತ್ತಿದ್ರೆ ಧಾರವಾಡ, ಅಲ್ಲಿಂದ ಹಳಿಯಾಳ. ಅಲ್ಲಿನ ಸಿದ್ದಿ ಜನಾಂಗದ ಹೆಂಗಸರ ಕವಂದಿ, ಅಂದ್ರೆ ಅವರ ಕೌದಿ, ನೋಡಿದೀರಾ? ಅಂಚಿಂದ ಶುರು ಮಾಡಿ ಸುತ್ತಾ ಸುತ್ತಾ ನಡುವಿಗೆ ಬರೋದು, ನಾಲ್ಕು ಮೂಲೆಲೂ ಮಡಚಿದ ಬಟ್ಟೆ ಹೂವು. ಅದನ್ನ ಅವರ ಪಕ್ಕ ಕೂತು ಕಲಿಬೇಕು ಅಂದ್ರೆ ನಮ್ಮೂರೇ ಸರಿ.

ಹಾಸನದವರು: ಅರಸೀಕೆರೆ ಜಂಕ್ಷನ್ನೂ ಅದೇ ಲೈನಲ್ಲೇ ಇದೆ ಗುರುವೇ, ನಮಗೂ ರೈಲಿದೆ. ಕಟ್ ಪೀಸ್ ಬೇಕಂದ್ರೆ ಹಾಸನ, ಗಾರ್ಮೆಂಟ್ಸ್ ಇರೋ ಊರು.

ಬೇಲೂರಿನವರು: ಮೇಡಂ ಬೀರುಗೆ ನುಸಿಗುಳಿಗೆ ಎಷ್ಟು ಹಾಕ್ಬೇಕು?

ಮೇಡಂ: ಹಾಕಬೇಡಿ. ಮಲಗೋ ರೂಮಲ್ಲಿ, ಎಳೆ ಮಗು ಇರೋ ಮನೇಲಿ ಅಂತೂ ಬೇಡವೇ ಬೇಡ.

ಅರಕಲಗೂಡಿನವರು: ಫಾರ್ವರ್ಡ್ ಬಂದಿತ್ತು, ಬೂಷ್ಟಿಗೆ ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಕಲಸಿ ಸ್ಪ್ರೇ ಮಾಡಿದ್ರೆ ಒಂದೇ ದಿನಕ್ಕೆ ಕ್ಲೀನ್ ಅಂತೆ, ಮಾಡ್ಬೋದಾ?

ಮೇಡಂ: ಆ ಫಾರ್ವರ್ಡ್ ಈಗ್ಲೇ ಡಿಲೀಟ್ ಮಾಡಿ, ಕಳಿಸಿದೋರಿಗೂ ಹೇಳಿ. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಕಲಸಿದ್ರೆ ಆಸ್ಪತ್ರೆನೇ ಗತಿ.

ಕೊಪ್ಪದವರು: ಬೇವಿನ ಸೊಪ್ಪು ಇಡ್ಬೋದಲ್ವಾ, ನ್ಯಾಚುರಲ್?

ಮೇಡಂ: ಹಸಿ ಸೊಪ್ಪು ಅಂದ್ರೆ ಬೀರುಗೆ ನೀವೇ ನೀರು ತುಂಬಿದ ಹಾಗೆ.

ಹಾಸನದವರು: ಇನ್ನೊಂದು, ಈಗಿನೋರು ಮೆಷೀನಲ್ಲಿ ಹೊಲಿದು ಕೌದಿ ಅಂತಾರಲ್ಲ, ಅದು ಬರೀ ಬೆಡ್‌ಶೀಟು.

ಚಿಕ್ಕಮಗಳೂರಿನವರು: ನನಗೆ ಬೆರಳು ಸಂದಿ ನೋವು, ಕಾಲು ಮೆಷೀನಲ್ಲೇ ಹೊಲಿಯೋದು. ಕರೆಂಟ್ ಹೋದ್ರೂ ನಿಲ್ಲಲ್ಲ. ನಿಮ್ಮ ಪರ್ಮಿಷನ್ ಬೇಕಿತ್ತಾ?

ಹಾಸನದವರು: ಪರ್ಮಿಷನ್ ಅಲ್ಲಮ್ಮ, ಹೆಸರು ಕೆಡಿಸಬೇಡಿ ಅಂದೆ ಅಷ್ಟೇ.

ಕಡೂರಿನವರು: ಇವರು ಮನೇಲಿ ಸೂಜಿ ಹಿಡಿದಿದ್ದನ್ನ ಯಾರಾದ್ರೂ ನೋಡಿದೀರಾ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಆಲೂರಿನವರು: ಆಲೂರಲ್ಲಿ 30x40 ಸೈಟ್ ಇದೆ, ಕೌದಿ ಪ್ರಿಯರಿಗೆ ಬೆಸ್ಟ್, ಇನ್‌ಬಾಕ್ಸ್ ಮಾಡಿ.

ಮೂಡಿಗೆರೆಯವರು: ಮೇಡಂ ನಾವು ಹೋದ ವರ್ಷ ಇಲ್ಲಿಗೆ ಬಂದ್ವಿ. ಕೌದಿ ಇಡೋ ರೂಮಲ್ಲೇ ನಾನೂ ಮಗೂನೂ ಮಲಗೋದು. ತೇವ ಜಾಸ್ತಿ ಅಂತ ರಾತ್ರಿ ಕೆಂಡದ ಒಲೆ ಇಟ್ಟು ಕಿಟಕಿ ಬಾಗಿಲು ಭದ್ರ ಮಾಡ್ತೀವಿ, ಕೌದಿ ಗರಿಗರಿ ಆಗುತ್ತೆ. ಬೆಳಗ್ಗೆ ಎದ್ರೆ ತಲೆ ಭಾರ, ಮಗು ನಿನ್ನೆ ವಾಂತಿ ಮಾಡ್ತು, ಶೀತ ಇರಬೇಕು. ಕೌದಿಗೆ ಇದರಿಂದ ತೊಂದ್ರೆ ಇದೆಯಾ?

ಮೇಡಂ: ಕೌದಿ ವಿಷಯ ಆಮೇಲೆ. ಕೆಂಡ ಈಗ ಒಳಗಿದ್ರೆ ಮೊದಲು ಮಗೂನ ಎತ್ಕೊಂಡು ನೀವು ಹೊರಗೆ ಬನ್ನಿ, ಬರ್ತಾ ಕಿಟಕಿ ಬಾಗಿಲು ತೆಗೀರಿ, ಒಲೆ ಹೊರಗೆ ಹಾಕಿಸಿ. ಮುಚ್ಚಿದ ರೂಮಲ್ಲಿ ಕೆಂಡ ಕಾರ್ಬನ್ ಮೋನಾಕ್ಸೈಡ್ ಬಿಡುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆ ಬರದೇ ಇದ್ರೂ ಇರುತ್ತೆ. ರಕ್ತ ಆಮ್ಲಜನಕ ಹೊರೋ ಜಾಗನ ಅದು ಹಿಡ್ಕೊಂಡುಬಿಡುತ್ತೆ. ತಲೆ ಭಾರ, ವಾಂತಿ, ಮಂಪರು ಇವೇ ಲಕ್ಷಣ, ಜನ ಶೀತ ಅಂದ್ಕೊಂಡು ಮಲಗಿ ಏಳದೇ ಹೋಗಿರೋದುಂಟು. ನಾನು ಬಟ್ಟೆ ಡಾಕ್ಟ್ರು, ಮನುಷ್ಯರ ಡಾಕ್ಟ್ರಲ್ಲ, ಅದಕ್ಕೇ ಹೇಳ್ತೀನಿ, ನಾಳೆ ಅನ್ನಬೇಡಿ, ಇಬ್ಬರೂ ಈಗ್ಲೇ ಆಸ್ಪತ್ರೆಗೆ ಹೋಗಿ, ಕೆಂಡದ ವಿಷಯ ಮೊದಲನೇ ಮಾತಲ್ಲೇ ಹೇಳಿ. ನಡೆಯೋಕೆ ಆಗ್ತಿಲ್ಲ, ಮಗು ಮಂಕಾಗಿದೆ ಅಂದ್ರೆ 108.

ಇನ್ನು ಕೌದಿ. ಬೀರುನ ಹೊರಗೋಡೆಯಿಂದ ಒಂದು ಗೇಣು ಈಚೆ ಎಳೀರಿ. ತೇವಾಂಶ ಅಳೆಯೋ ಹೈಗ್ರೋಮೀಟರ್ ಒಂದು ತಗೊಳ್ಳಿ, ದುಬಾರಿ ಏನಲ್ಲ. ಆಗೋದಾದ್ರೆ ಗಾಳಿಯ ತೇವ ಎಳೆಯೋ ಮೆಷೀನು, ಡಿಹ್ಯುಮಿಡಿಫೈಯರ್. ಬೂಷ್ಟು ಬಂದಿದ್ರೆ ಹಸಿ ಇರುವಾಗ ಉಜ್ಜಬೇಡಿ, ನೂಲಿನೊಳಗೆ ಇಳಿಯುತ್ತೆ. ಮಳೆ ಬಿಟ್ಟ ದಿನ ಹೊರಗೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕ್ಕೊಂಡು ಮೆತ್ತಗಿನ ಬ್ರಶ್ಶಲ್ಲಿ ಉದುರಿಸಿ. ಗಂಜಿ ಹಾಕಿದ ಬಟ್ಟೆ ಇಡಬೇಡಿ, ಸಿಲ್ವರ್‌ಫಿಶ್ ಅನ್ನೋ ಹುಳಕ್ಕೆ ಅದೇ ಊಟ.

ಸಕಲೇಶಪುರದವರು: ನಮ್ಮಜ್ಜಿ ಕಾಲದಿಂದ ಕೆಂಡ ಇಟ್ಟೇ ಮಲಗೋದು, ಯಾರಿಗೂ ಏನೂ ಆಗಿಲ್ಲ.

ಮೇಡಂ: ಆಗ ಹಂಚಿನ ಮನೆ, ಸಂದಿ ಸಂದಿಲಿ ಗಾಳಿ. ಈಗ ಆರ್‌ಸಿಸಿ, ಮೇಲೆ ಕಿಟಕಿಗೆ ಸ್ಲೈಡಿಂಗ್ ಗ್ಲಾಸು. ವಾದ ಬೇಡ.

ಶೃಂಗೇರಿಯವರು: ಮೇಡಂ ನುಸಿಗುಳಿಗೆ ಬದಲು ಕರ್ಪೂರ?

ಮೇಡಂ: ಮೇಲೆ ಓದಿ.

ಶೃಂಗೇರಿಯವರು: ಮೇಲೆ ಕರ್ಪೂರ ಇಲ್ಲ.

ಬೆಂಗಳೂರಿನವರು: ಹಾಗಾದ್ರೆ ಅರಸೀಕೆರೆಯಲ್ಲಿ ಬಾಡಿಗೆ ಎಷ್ಟಿರಬಹುದು? ಅಡ್ವಾನ್ಸ್? ಯಾರಾದ್ರೂ ಹೇಳಿ.

ಹಾಸನದವರು: ಮೆಷೀನ್ ವಿಷಯ ಇನ್ನೂ ಮುಗಿದಿಲ್ಲ.

ಚಿಕ್ಕಮಗಳೂರಿನವರು: ನನ್ನ ಕಡೆಯಿಂದ ಮುಗೀತು, ಬ್ಲಾಕ್.

ಮೂಡಿಗೆರೆಯವರು: ಒಲೆ ಹೊರಗಿಟ್ವಿ ಮೇಡಂ, ಆಸ್ಪತ್ರೆಗೆ ಹೊರಟ್ವಿ, ಮಗು ಮಾತಾಡ್ತಿದೆ. ಇವರು ಕೇಳ್ತಿದಾರೆ, ನಾಳೆಯಿಂದ ಕಿಟಕಿ ಅರ್ಧ ತೆಗೆದು ಕೆಂಡ ಇಡ್ಬೋದಾ ಅಂತ.

ಮೇಡಂ: ಇಲ್ಲ.