ಹಾಸ್ಟೆಲ್‌ನಲ್ಲಿ ಯೇಸುವಿನ ಬಗ್ಗೆ ಹೇಗೆ ಮಾತಾಡಲಿ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಹಾಸ್ಟೆಲ್ ಮಹಡಿಯಲ್ಲಿ ಕ್ರೈಸ್ತಳು ನಾನೊಬ್ಬಳೇ. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತೀಯ ಅಂತ ರೂಮಿನವರು ಕೇಳಿದರೆ "ನೆಂಟರ ಮನೆಗೆ" ಅಂದುಬಿಡುತ್ತೇನೆ. ಆಮೇಲೆ ಇಡೀ ದಿನ ಮನಸ್ಸು ಚುಚ್ಚುತ್ತದೆ. ಮಾತಾಡಿದರೆ "ಮತಾಂತರ ಮಾಡೋಕೆ ಬಂದಿದ್ದಾಳೆ" ಅಂದುಕೊಂಡರೆ ಅನ್ನೋ ಹೆದರಿಕೆ. ಕಾಲೇಜಿನಲ್ಲಿದ್ದಾಗ ನೀವೆಲ್ಲ ಏನು ಮಾಡಿದಿರಿ?

ಗದಗ-ಬೆಟಗೇರಿಯಿಂದ ಒಬ್ಬ ಶಿಕ್ಷಕಿ:
ತಂಗಿ, ನಾನೂ ಧಾರವಾಡದಲ್ಲೇ ಓದಿದ್ದು. ನಮ್ಮದು ಬಾಸೆಲ್ ಮಿಷನ್‌ನ ಪಾದ್ರಿಗಳು ಬಂದ ಕಾಲದಿಂದ ಬೆಟಗೇರಿ ಚರ್ಚಿಗೆ ಸೇರಿದ ಮನೆತನ. ಊರಿನಲ್ಲಿ ನಾವು ಯಾರು ಅಂತ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಬಾಯಿ ಕಟ್ಟಿಹೋಯಿತು. ಸತ್ಯವೇದವನ್ನು (ಬೈಬಲ್) ದಿಂಬಿನ ಕೆಳಗೆ ಇಟ್ಟು, ಎಲ್ಲರೂ ಮಲಗಿದ ಮೇಲೆ ಮೊಬೈಲ್ ಬೆಳಕಿನಲ್ಲಿ ಓದುತ್ತಿದ್ದೆ.

ನನ್ನ ರೂಮ್‌ಮೇಟ್ ಲಿಂಗಾಯತರ ಹುಡುಗಿ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ರೂಮಿನಲ್ಲಿ ಯಾರಿದ್ದರೂ ಸರಿ, ಅವಳಿಗೆ ಸಂಕೋಚವಿಲ್ಲ. ಒಂದು ದಿನ ಹಾಸಿಗೆ ಕೊಡವುವಾಗ ನನ್ನ ಪುಸ್ತಕ ಕೆಳಗೆ ಬಿತ್ತು. ಅವಳು ಎತ್ತಿ, ಕಣ್ಣಿಗೆ ಒತ್ತಿಕೊಂಡು, ನನ್ನ ಕೈಗೆ ಕೊಟ್ಟಳು. "ದೇವರ ಪುಸ್ತಕಾನ ಯಾಕ ಮುಚ್ಚಿಡ್ತಿ ನೀ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತೇ ಪುಸ್ತಕ ಮೇಜಿನ ಮೇಲೆ ಬಂತು. ನಾನು ಮೊದಲು ಕೇಳಿದ್ದು ಅವಳ ಲಿಂಗಪೂಜೆಯ ಬಗ್ಗೆ. ಎಷ್ಟೋ ರಾತ್ರಿ ವಚನ ಓದಿ, ಅರ್ಥ ಹೇಳಿದಳು. ಆಮೇಲೆ ಅವಳೇ "ನಿಮ್ಮ ಯೇಸು ಏನ್ ಹೇಳ್ಯಾನ?" ಅಂತ ಕೇಳಿದಳು. ಮನೆ ಬಿಟ್ಟು ಹೋಗಿ, ಎಲ್ಲ ಕಳೆದುಕೊಂಡು ವಾಪಸ್ ಬಂದ ತಪ್ಪಿಹೋದ ಮಗನ ಕತೆ ಹೇಳಿದೆ. ಅಪ್ಪ ಓಡಿಬಂದು ಮಗನನ್ನು ಅಪ್ಪಿಕೊಂಡ ಅನ್ನುವಾಗ ಅವಳು ಅಳತೊಡಗಿದಳು. ಅವಳ ಅಣ್ಣ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಅವನಿಗೋಸ್ಕರ ಪ್ರಾರ್ಥನೆ ಮಾಡಲಾ ಅಂತ ಕೇಳಿದೆ. ಹೂಂ ಅಂದಳು, ಮಾಡಿದೆ. ಅವಳು ಇವತ್ತಿಗೂ ಲಿಂಗಾಯತಳೇ, ಇವತ್ತಿಗೂ ನನ್ನ ಗೆಳತಿ. ನಾನು ನಂಬಿದ್ದನ್ನು ಹೇಳಿದ್ದೇನೆ. ಮಿಕ್ಕಿದ್ದು ದೇವರ ಕೆಲಸ, ನನ್ನದಲ್ಲ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಕೊನೆಯ ವರ್ಷ ಹುರುಪು ಜಾಸ್ತಿಯಾಗಿತ್ತು. ಫೇಲಾಗಿ ಅಳುತ್ತಾ ಕೂತಿದ್ದ ಜೂನಿಯರ್ ಒಬ್ಬಳ ಕೈಗೆ ಯೇಸುವಿನ ಬಗ್ಗೆ ಇದ್ದ ಕರಪತ್ರ ಕೊಟ್ಟೆ. "ಈಗ ನನಗ ಇದು ಬೇಕೇನ್ರಿ?" ಅಂದಳು. ಮತ್ತೆಂದೂ ನನ್ನ ಜೊತೆ ಮಾತಾಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಅದು ಈಗಲೂ ನೆನಪಾಗುತ್ತದೆ.

ಸತ್ಯವೇದದಲ್ಲಿ ಪೇತ್ರನ ಮೊದಲ ಪತ್ರ 3:15 ತೆಗೆದು ನೋಡು. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಅದನ್ನೂ ಸೌಮ್ಯವಾಗಿ ಹೇಳಿ ಅಂತ ಇದೆ. "ಕೇಳುವವರಿಗೆ" ಅನ್ನೋದನ್ನು ಗಮನಿಸು. ನಿನ್ನ ರೂಮಿನವರು ಪ್ರತಿ ಭಾನುವಾರ ಕೇಳುತ್ತಲೇ ಇದ್ದಾರೆ ಅಲ್ವಾ? "ಚರ್ಚಿಗೆ" ಅನ್ನು. ಅಷ್ಟರಿಂದ ಶುರು ಮಾಡು.

ಬೆಂಗಳೂರಿನಿಂದ ಒಬ್ಬ ವಕೀಲ:
ಹೆದರಿಕೆ ಬಗ್ಗೆ ಬರೆದಿದ್ದೀರಿ, ಅದಕ್ಕೆ ಕಾನೂನಿನ ಮಾತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ಅಪರಾಧ ಅನ್ನುತ್ತದೆ. ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ ಎಲ್ಲವೂ ಆಮಿಷದೊಳಗೆ ಬರುತ್ತವೆ. 18 ತುಂಬದವರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲಾದರೆ 3ರಿಂದ 10 ವರ್ಷ ಜೈಲು. ಇದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತ್ತು. ಏನೇ ಇರಲಿ, ನೀವು ಜಾಗ್ರತೆಯಾಗಿರಿ. ಕೇಳಿದವರಿಗೆ ನಿಮ್ಮ ನಂಬಿಕೆ ಹೇಳೋದು ತಪ್ಪಲ್ಲ. ಗೆಳತಿಗೆ ಫೀಸ್ ಕಟ್ಟೋಕೆ ಸಹಾಯ ಮಾಡೋದಾದರೆ ಮಾಡಿ, ಅದಕ್ಕೆ "ಚರ್ಚಿಗೆ ಬಾ" ಅನ್ನೋದನ್ನು ಮಾತ್ರ ಸೇರಿಸಬೇಡಿ. ಹಾಸ್ಟೆಲ್‌ನಲ್ಲಿ ಪ್ರಾರ್ಥನಾ ಕೂಟ ಮಾಡೋ ಮುಂಚೆ ವಾರ್ಡನ್ ಅನುಮತಿ ತಗೊಳ್ಳಿ.

ಮಂಗಳೂರಿನಿಂದ:
ನಾವು ಕಥೋಲಿಕರು. ನನಗೆ ಮಾತಿಗಿಂತ ಊಟ ಸುಲಭವಾಯಿತು. ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟಿದ ದಿನ, ಹೊಸ ತೆನೆ ಮನೆಗೆ ತರುವ ದಿನ. ಅವತ್ತು ಮನೆಯಲ್ಲಿ ಪೂರ್ತಿ ಸಸ್ಯಾಹಾರ. ಮೈಸೂರಿನಲ್ಲಿ ಓದುವಾಗ ಮಾಂಸ ಮುಟ್ಟದ ಇಬ್ಬರು ರೂಮ್‌ಮೇಟ್‌ಗಳನ್ನು ಊರಿಗೆ ಕರೆದುಕೊಂಡು ಹೋದೆ. ಮಕ್ಕಳು ಮಾತೆಗೆ ಹೂ ಹಾಕೋದು, ತೆನೆಗೆ ಆಶೀರ್ವಾದ, ಹೊಸ ಅಕ್ಕಿಯನ್ನು ಎಲ್ಲರೂ ಒಟ್ಟಿಗೆ ಕೂತು ತಿನ್ನೋದು, ಎಲ್ಲ ನೋಡಿದರು. ಅವರಲ್ಲಿ ಕುಂದಾಪುರದವನು "ನಮ್ಮ ಹೊಸ್ತು ಹಬ್ಬದ ಹಾಗೇ ಉಂಟಲ್ಲ!" ಅಂದ. ವಾಪಸ್ ಬರುವಾಗ ಮಡಿಕೇರಿ ದಾಟುವವರೆಗೂ ಅವರೇ ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದರು.

ತುಮಕೂರಿನಿಂದ:
ನಾನು ಕ್ರೈಸ್ತನಲ್ಲ. ಆದರೂ ಬರೆಯಬೇಕು ಅನ್ನಿಸಿತು. ಕಾಲೇಜಿನಲ್ಲಿ ಒಬ್ಬ ಕ್ರೈಸ್ತ ಸೀನಿಯರ್ ನಮ್ಮ ದೇವರನ್ನು ಬರೀ ಕಲ್ಲು ಅಂದಿದ್ದರು. ಆಮೇಲೆ ಅವರು ಏನು ಹೇಳಿದರೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ರೂಮಿನ ಗೆಳೆಯನೂ ಅದೇ ನಂಬಿಕೆಯವನು. ಒಮ್ಮೆ ಚರ್ಚಿಗೆ ಕರೆದ, ಬೇಡ ಅಂದೆ. ಮತ್ತೆ ಕರೆಯಲಿಲ್ಲ, ಸ್ನೇಹವೂ ಕಡಿಮೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ರಾತ್ರಿ ಬಸ್ಸಿನಲ್ಲಿ ನನ್ನ ಜೊತೆ ಊರಿಗೆ ಬಂದ. ಹನ್ನೊಂದನೇ ದಿನದವರೆಗೆ ನಮ್ಮ ಮನೆಯಲ್ಲೇ ಇದ್ದು ನೀರು ಹೊತ್ತ, ಪಾತ್ರೆ ತೊಳೆದ. ಅವನ ಯೇಸು ಯಾರು ಅಂತ ನಾನು ಕೇಳಿದ್ದು ಅದಾದ ಮೇಲೆ.

ಪ್ರಶ್ನೆ ಕೇಳಿದವಳು:
ಅಕ್ಕ, ಅಣ್ಣಂದಿರೇ, ತುಂಬಾ ಥ್ಯಾಂಕ್ಸ್. ಈ ಭಾನುವಾರ "ಚರ್ಚಿಗೆ" ಅಂತಲೇ ಹೇಳಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬಳು ತಲೆ ಎತ್ತಿ ನೋಡಿ ಸುಮ್ಮನಾದಳು. ಇನ್ನೊಬ್ಬಳು "ಹೌದಾ? ಹಂಗಾದ್ರ ಬರೂ ಮುಂದ ಲೈನ್ ಬಜಾರದಾಗ ಪೇಡೆ ತಗೊಂಡ್ ಬಾ" ಅಂದಳು. ಅರ್ಧ ಕೆಜಿ ತಂದೆ.