ಟಿ.ವಿ. ‘ಡ್ರಾಮಾ’ಕ್ಕೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಬೆಳಿಗ್ಗೆಯೊಳಗೆ ಬೇಕು

ವಿಜಯಪುರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಚನಾಲಯದ ಗೋಡೆಗೆ ನನ್ನ ಮೆಚ್ಚಿನ ಧಾರಾವಾಹಿಗಳ ಫಲಕ ಬರೆಸುತ್ತಿದ್ದೇನೆ. ಪೇಂಟರ್ ನಾಳೆಯೇ ಬರುತ್ತಾರೆ. ಎಡಗಡೆಯ ಪಟ್ಟಿಯಲ್ಲಿ ‘ಕ್ರೇಜಿ ಕರ್ನಲ್’, ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’, ಜೊತೆಗೆ ಇಂಗ್ಲಿಷಿನ ‘ಫಾಲ್ಟಿ ಟವರ್ಸ್’. ಇವಕ್ಕೆ ‘ಹಾಸ್ಯ ಧಾರಾವಾಹಿ’ ಎಂದರೆ ತಕರಾರಿಲ್ಲ. ಬಲಗಡೆ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ಹಿಂದಿಯ ‘ಹಮ್ ಲೋಗ್’, ‘ಬುನಿಯಾದ್’, ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’. ಇವಕ್ಕೆ ಏನನ್ನಲಿ? ‘ನಾಟಕ’ ಎಂದು ಬರೆಸಿದರೆ ಯಾವ ಕಂಪನಿ, ಟೆಂಟ್ ಎಲ್ಲಿ ಹಾಕಿದ್ದಾರೆ ಎಂದು ಕೇಳುವ ಊರು ನಮ್ಮದು. ‘ಗಂಭೀರ ಧಾರಾವಾಹಿ’ ಎಂದರೆ ಯಾರೋ ಆಸ್ಪತ್ರೆ ಸೇರಿದಂತೆ ಕೇಳಿಸುತ್ತದೆ. ದಯವಿಟ್ಟು ಒಂದೇ ಒಂದು ಪದ ಕೊಡಿ.

ಜಮಖಂಡಿಯಿಂದ:
ತಕರಾರು ಎಡಗಡೆಯ ಪಟ್ಟಿಗೇ ಇದೆ. ಧಾರೆಯಾಗಿ ಹರಿದು ಬರುವುದು ಧಾರಾವಾಹಿ. ಟಿ.ವಿ. ಬರುವ ಮೊದಲು ವಾರಪತ್ರಿಕೆಯ ಕಂತುಕಾದಂಬರಿಗಿದ್ದ ಹೆಸರು ಅದು. ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತು. ಹೋಟೆಲ್ ಅದೇ, ಗಿರಾಕಿಗಳನ್ನು ಗದರುವ ಮಾಲೀಕನೂ ಅವನೇ, ಕಥೆ ಮಾತ್ರ ಪ್ರತಿ ಸಲ ಹೊಸದು. ಎಲ್ಲಿದೆ ಧಾರೆ? ‘ಮಾಲ್ಗುಡಿ ಡೇಸ್’ ಕೂಡ ಹಾಗೆಯೇ. ಸ್ವಾಮಿ ಎಂಬ ಹುಡುಗನದು, ಮಿಠಾಯಿ ವ್ಯಾಪಾರಿಯದು ಹಲವು ಕಂತು ನಡೆದವು. ಮಿಕ್ಕವು ಹೆಚ್ಚಾಗಿ ಬಿಡಿ ಕಥೆಗಳು. ಇವೆಲ್ಲ ‘ಮಾಲಿಕೆ’. ‘ಬುನಿಯಾದ್’, ‘ಮಾಯಾಮೃಗ’ ಮಾತ್ರ ಧಾರಾವಾಹಿ ಎನ್ನಿಸಿಕೊಳ್ಳಲು ಅರ್ಹ.

ಬೆಳಗಾವಿಯಿಂದ:
‘ಮಾಲಿಕೆ’ ಖಂಡಿತ ಬೇಡ. ಇಲ್ಲಿ ಮರಾಠಿ ವಾಹಿನಿಗಳು ‘ಮಾಲಿಕಾ’ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೂಗುತ್ತವೆ. ಅದನ್ನೇ ಎತ್ತಿ ತಂದು ಕನ್ನಡ ಎನ್ನುವುದೇ? ‘ಹಾಸ್ಯ’ವೂ ಬೇಡ. ತಮಿಳರು ‘ನಗೈಚ್ಚುವೈ’ ಎಂದು ತಮ್ಮ ಬೇರಿನಿಂದಲೇ ಕಟ್ಟಿಕೊಂಡಿದ್ದಾರೆ. ‘ನಗೆಯಾಟ’, ‘ಬಾಳಾಟ’ ಎಂದು ಬರೆಸಿ. ಆಂಡಯ್ಯ 13ನೆಯ ಶತಮಾನದಲ್ಲಿ ಇಡೀ ‘ಕಬ್ಬಿಗರ ಕಾವ’ವನ್ನು ಅಚ್ಚಗನ್ನಡದಲ್ಲಿ ಬರೆದ. ನಮ್ಮಿಂದ ಒಂದು ಫಲಕ ಆಗದೇ?

ಜಮಖಂಡಿಯಿಂದ:
ಆಂಡಯ್ಯ ಬಿಟ್ಟದ್ದು ತತ್ಸಮಗಳನ್ನು. ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ. ‘ಕಾವ್ಯ’ದಿಂದ ‘ಕಬ್ಬ’, ಅದರಿಂದ ‘ಕಬ್ಬಿಗ’. ಪುಸ್ತಕದ ಹೆಸರನ್ನಾದರೂ ಪೂರ್ತಿ ಓದಿ ಬನ್ನಿ. ಮಾಲೆ ಮರಾಠಿಯದಂತೆ! ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಇದೆ. ಅದೂ ಗಡಿ ದಾಟಿ ಬಂದದ್ದೇ?

ಗೋಕಾಕದಿಂದ:
‘ಆಟ’ಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಬೆಳಗಾವಿಯವರ ಮಡಿಗಾಗಿ ಅಲ್ಲ. ನಮ್ಮ ಭಾಗದಲ್ಲಿ ಈ ವಿಂಗಡಣೆ ಆಗಲೇ ಇದೆ. ಕಿರೀಟ, ಭುಜಕೀರ್ತಿ ಕಟ್ಟಿ ಪುರಾಣ ಆಡಿದರೆ ದೊಡ್ಡಾಟ. ನಿಮ್ಮ ನಮ್ಮಂಥವರ ಕಥೆಯಾದರೆ ಸಣ್ಣಾಟ. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ದಲ್ಲಿ ದೇವರಿಲ್ಲ, ರಾಕ್ಷಸರಿಲ್ಲ. ಗೆಳೆತನ, ಪರಸತಿಯ ಮೋಹ, ನಂಬಿಕೆದ್ರೋಹ, ಕೊನೆಗೆ ಕೊಲೆ. ಟಿ.ವಿ. ಡ್ರಾಮಾಕ್ಕೆ ಇನ್ನೇನು ಬೇಕು? ‘ಟಿ.ವಿ. ಸಣ್ಣಾಟ’ ಎಂದು ಬರೆಸಿ. ಇನ್ನು ಮರಾಠಿಯ ಮಾತು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕಕ್ಕೆ ಅಡಿಪಾಯ ಹಾಕಿದ್ದು ಕನ್ನಡನಾಡಿನ ಭಾಗವತರ ಆಟದ ಪ್ರೇರಣೆಯಿಂದ. ರಂಗಭೂಮಿಯನ್ನೇ ಕೊಟ್ಟವರು ಒಂದು ಪದ ತೆಗೆದುಕೊಂಡರೆ ಬಡವರಾಗುವುದಿಲ್ಲ.

ಬೆಳಗಾವಿಯಿಂದ:
ಗೋಕಾಕದಲ್ಲಿ ಕುಳಿತವರಿಗೆ ಔದಾರ್ಯ ಸುಲಭ. ನಮ್ಮ ಬೀದಿಯ ಅಂಗಡಿಗಳ ಫಲಕ ನೋಡಿ, ಆಮೇಲೆ ಸಾಲದ ಲೆಕ್ಕ ಹೇಳಿ. ಇನ್ನು ನಾನು ಬರೆಯುವುದಿಲ್ಲ.

ವಿಜಯಪುರದಿಂದ:
ಹಿರಿಯರೇ, ‘ಸಣ್ಣಾಟ’ ಎಂದು ಬರೆಸಿದರೆ ಸಂಜೆಗೆ ಹಾರ್ಮೋನಿಯಂ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ‘ಬಾಳಾಟ’ವನ್ನು ಪೇಂಟರಿಗೆ ಹೇಳಿದೆ, ‘ಗೋಳಾಟವೇ ಸರ್?’ ಎಂದು ಕೇಳಿದರು. ಆದ್ದರಿಂದ ನಾಮಪದದ ಗೊಡವೆಯೇ ಬೇಡ. ಎಡಕ್ಕೆ ‘ನಗಿಸಿದವು’, ಬಲಕ್ಕೆ ‘ಕಾಡಿದವು’ ಎಂದು ಬರೆಸುತ್ತೇನೆ.

ಗೋಕಾಕದಿಂದ:
‘ಕಾಡಿದವು’ ಒಳ್ಳೆಯದು. ಹಾಗಾದರೆ ‘ಮಾಲ್ಗುಡಿ ಡೇಸ್’ ಯಾವ ಕಡೆಗೆ? ಸ್ವಾಮಿ ಎರಡನ್ನೂ ಮಾಡಿದವನು.

ಜಮಖಂಡಿಯಿಂದ:
ಎಡಕ್ಕೆ. ಮತ್ತು ಅದು ಮಾಲಿಕೆ.